ಹೊಸಬರಿಗೆ ಹನ್ನೊಂದು ಪುಟ

ಪ್ರಿಂಟರಿನಿಂದ ಆಗಷ್ಟೇ ಹೊರಬಿದ್ದ ಹಾಳೆಯನ್ನು ಕೈಗೆತ್ತಿಕೊಂಡು ಎಂದಾದರೂ ಮೂಸಿದ್ದೀರಾ? ಇಲ್ಲದಿದ್ದರೆ ನೀವು ನನಗಿಂತ ಮರ್ಯಾದಸ್ಥರು. ಇಸ್ತ್ರಿ ಮಾಡಿ ಮಡಿಸಿಟ್ಟ ಅಂಗಿಯ ಹಾಗೆ ಬೆಚ್ಚಗಿರುತ್ತದೆ. ಜೊತೆಗೆ ಮೂಗಿನ ತುದಿಯಲ್ಲಿ ಕೂರುವಂಥ, ಸ್ವಲ್ಪ ಒಗರಾದ ವಾಸನೆ. ಮೊನ್ನೆ ಬೆಳಿಗ್ಗೆ ಯಾವುದೋ ವಿಮೆಯ ಕಾಗದ ಪ್ರಿಂಟ್ ಮಾಡಲು ಹೋಗಿ ಆ ವಾಸನೆ ಹೊಡೆಯಿತು ನೋಡಿ, ವಿಮೆಯೂ ಬೇಡ ಗಿಮೆಯೂ ಬೇಡ ಎಂದು ಮಹಡಿ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ.

ಕೂರಲು ಇನ್ನೊಂದು ಕಾರಣವೂ ಇತ್ತು. ಹಿಂದಿನ ಸಂಜೆ, ಪಕ್ಕದ ಮನೆಗೆ ಹೊಸದಾಗಿ ಬಂದಿರುವ ಬೆಂಗಳೂರಿನ ಹುಡುಗಿ ನನ್ನನ್ನು ತಡೆದು ನಿಲ್ಲಿಸಿ, "ಆಂಟಿ, ನೀವು ಇಲ್ಲಿಗೆ ಬಂದು ಎಷ್ಟೋ ವರ್ಷ ಆಯ್ತಂತಲ್ಲ. ಇಲ್ಲಿ ಏನ್ ಮಾಡ್ಬೇಕು, ಏನ್ ಮಾಡ್ಬಾರ್ದು ಅಂತ ಒಂದು ಲಿಸ್ಟ್ ಬರ್ಕೊಡ್ತೀರಾ?" ಎಂದು ಕೇಳಿದ್ದಳು. ಕೇಳುವವರು ಬಾಯಿ ಮುಚ್ಚುವ ಮೊದಲೇ ಉಪದೇಶ ಶುರುಮಾಡುವ ಹೆಂಗಸು ನಾನು. "ಯಾರೂ ಸಿಗದಿದ್ರೆ ಇವಳು ಫ್ರಿಜ್ಜಿಗಾದ್ರೂ ಬುದ್ಧಿ ಹೇಳ್ತಾಳೆ" ಎಂದು ನಮ್ಮ ಮನೆಯವರು ಬಂದವರೆದುರು ಹೇಳುವುದುಂಟು. ಅಂಥವಳು ಆ ಹುಡುಗಿಗೆ "ನೋಡೋಣಮ್ಮ" ಎಂದಷ್ಟೇ ಹೇಳಿ ಒಳಗೆ ಬಂದು ಬಾಗಿಲು ಹಾಕಿಕೊಂಡಿದ್ದೆ. ನಮ್ಮ ಮೈಸೂರಿನ ಕಡೆ 'ನೋಡೋಣ' ಎಂದರೆ ಆಗುವುದಿಲ್ಲ ಎಂದೇ ಲೆಕ್ಕ. ಪಾಪ, ಅವಳಿಗೂ ಗೊತ್ತಾಗಿರಬೇಕು.

ಯಾಕೆ ಹಾಗೆ ಮಾಡಿದೆ ಎಂದು ಹೇಳುತ್ತೇನೆ. ಹೇಳಲೇಬೇಕು ಎಂದು ತೀರ್ಮಾನಿಸಿಯೇ ಕೂತಿದ್ದೇನೆ, ಆದರೂ ನಡುವೆ ಅಲ್ಲಿ ಇಲ್ಲಿ ಸುತ್ತಾಡಿದರೆ ಕ್ಷಮಿಸಿ.

ನಾವು ಈಗ ಅಮೆರಿಕದ ಟೆಕ್ಸಸ್ಸಿನಲ್ಲಿ, ಮೆಕಿನ್ನಿ ಎಂಬ ಊರಿನಲ್ಲಿ ಮನೆ ಮಾಡಿಕೊಂಡಿದ್ದೇವೆ. ತೊಂಬತ್ತರ ದಶಕದ ಕೊನೆಯಲ್ಲಿ ಮೊದಲು ಬಂದಿಳಿದದ್ದು ಲೂಯಿಸ್‌ವಿಲ್ಲಿಗೆ, ಕೆರೆಯ ಹತ್ತಿರದ ಒಂದು ಅಪಾರ್ಟ್‌ಮೆಂಟಿಗೆ. ಯಜಮಾನರಿಗೆ ಲಾಸ್ ಕೊಲಿನಾಸ್‌ನಲ್ಲಿ ಕೆಲಸ. ಅವರು ಬೆಳಿಗ್ಗೆ ಏಳಕ್ಕೆ ಕಾರು ತೆಗೆದುಕೊಂಡು ಹೋದರೆ ಮುಗಿಯಿತು. ನನ್ನ ಬಳಿ ಕಾರಿಲ್ಲ, ಲೈಸೆನ್ಸಿಲ್ಲ, ಕೆಲಸ ಮಾಡಲು ಪರವಾನಗಿಯಿಲ್ಲ. ಹೇಳಿಕೊಡುವವರಂತೂ ಒಬ್ಬರೂ ಇಲ್ಲ. ಬಂದ ಮೂರನೇ ದಿನ ಬಚ್ಚಲಲ್ಲಿ ಊರಿನ ಅಭ್ಯಾಸದಂತೆ ಟಬ್ಬಿನ ಹೊರಗೆ ಮಣೆ ಹಾಕಿಕೊಂಡು, ತಂಬಿಗೆಯಿಂದ ಧಾರಾಳವಾಗಿ ತಲೆಗೆ ನೀರು ಹಾಕಿಕೊಂಡೆ. ಈ ದೇಶದ ಬಚ್ಚಲಿನ ನೆಲದಲ್ಲಿ ನೀರು ಹೋಗಲು ತೂತೇ ಇರುವುದಿಲ್ಲ ಎಂದು ನನಗೇನು ಗೊತ್ತು? ಹರಳೆಣ್ಣೆ, ಸೀಗೆಪುಡಿ ಸಮೇತ ಅಷ್ಟೂ ನೀರು ಕೆಳಗಿನ ಮನೆಯ ಚಾವಣಿಯಿಂದ ಇಳಿಯಿತು. ಕೆಳಗಿನ ಮನೆಯ ಮುದುಕಿ ಬಂದು ಬಾಗಿಲು ತಟ್ಟಿದಾಗ ನಾನು ತಲೆಗೆ ಟವೆಲು ಸುತ್ತಿಕೊಂಡು, ಬಾಯಿಗೆ ಬಂದ ಒಂದೇ ಇಂಗ್ಲಿಷ್ ಮಾತು "ಸಾರಿ" ಎಂಬುದನ್ನು ಹತ್ತು ಸಲ ಹೇಳಿದೆ. ಆಮೇಲೆ ಅಪಾರ್ಟ್‌ಮೆಂಟಿನವರು ನಮ್ಮನ್ನು ನೆಲ ಅಂತಸ್ತಿಗೆ, ಅಂದರೆ ಕೆಳಗೆ ಯಾರೂ ಇಲ್ಲದ ಮನೆಗೆ, ವಿನಯದಿಂದ ವರ್ಗಾಯಿಸಿದರು.

ಆ ಅವಮಾನದಲ್ಲಿ ಹುಟ್ಟಿದ್ದು ಒಂದು ಕೈಪಿಡಿ. 'ಹೊಸಬರಿಗೆ ಹನ್ನೊಂದು ಪುಟ' ಎಂದು ಮೇಲೆ ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ನೀಲಿ ಪೆನ್ನು, ದುಂಡು ಅಕ್ಷರ. ಒಗ್ಗರಣೆ ಹಾಕುವ ಮೊದಲು, ಹೊಗೆ ಕಂಡರೆ ಅರಚುವ ಚಾವಣಿಯ ಗಂಟೆಯ ಕೆಳಗೆ ನಿಂತು ಟವೆಲು ಬೀಸಲು ಒಬ್ಬರನ್ನು ಸಿದ್ಧವಾಗಿಡಿ; ಕುಕ್ಕರ್ ಕೂಗುವಾಗ ಪಕ್ಕದವರು ಓಡಿಬಂದರೆ ಅನ್ನ ತೋರಿಸಿ ಸಮಾಧಾನ ಮಾಡಿ; ಕೊತ್ತಂಬರಿ ಸೊಪ್ಪಿಗೆ ಇಂಡಿಯನ್ ಅಂಗಡಿಗೆ ಹೋಗಬೇಡಿ, ಮೆಕ್ಸಿಕನ್ ಅಂಗಡಿಯಲ್ಲಿ ಕಂತೆ ಕಂತೆ ಸಿಗುತ್ತದೆ; ಹೇಗಿದ್ದೀರಿ ಎಂದು ಕೇಳಿದವರಿಗೆ ನಿಮ್ಮ ಮಂಡಿನೋವು ವಿವರಿಸಲು ಹೋಗಬೇಡಿ, ಅವರು ಆಗಲೇ ಮುಂದಕ್ಕೆ ಹೋಗಿರುತ್ತಾರೆ. ಹೀಗೆ. ಯಜಮಾನರು ಆಫೀಸಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಕದ್ದು ಜೆರಾಕ್ಸ್ ಮಾಡಿಸಿ ತರುತ್ತಿದ್ದರು. ತಂದು ಕೈಗಿಟ್ಟಾಗ ಹಾಳೆ ಇನ್ನೂ ಬೆಚ್ಚಗಿರುತ್ತಿತ್ತು ಎಂದು ನನಗೆ ನೆನಪು. ಅಷ್ಟು ದೂರ ಡ್ರೈವ್ ಮಾಡಿಕೊಂಡು ಬರುವಷ್ಟರಲ್ಲಿ ಅದು ಹೇಗೆ ಬೆಚ್ಚಗಿರಲು ಸಾಧ್ಯ ಎಂದು ನೀವು ಕೇಳಬಹುದು. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಟೆಕ್ಸಸ್ಸಿನ ಬಿಸಿಲು ಬೀಳುತ್ತಿತ್ತಲ್ಲ, ಅದಕ್ಕೇ ಇರಬೇಕು.

ಒಂದು ವರ್ಷದಲ್ಲಿ ನಾನು ದೊಡ್ಡ ಮನುಷ್ಯಳಾಗಿಬಿಟ್ಟೆ. ನಮ್ಮ ಅಪಾರ್ಟ್‌ಮೆಂಟಿಗೆ ಬಂದ ಕನ್ನಡದವರಿಗೆಲ್ಲ ಮೊದಲ ದಿನ ನಮ್ಮ ಮನೆಯಲ್ಲಿ ಊಟ, ಹೊರಡುವಾಗ ಕೈಗೊಂದು ಪ್ರತಿ. ಹ್ಯೂಸ್ಟನ್ನಿಗೆ ಶಿಫ್ಟ್ ಆದವರು ಅಲ್ಲಿ ಅದನ್ನು ಮತ್ತೆ ಜೆರಾಕ್ಸ್ ಮಾಡಿ ಹಂಚಿದರು. ಆಸ್ಟಿನ್ನಿನಲ್ಲಿ ಓದುತ್ತಿದ್ದ ಹುಡುಗರು ಫೋನ್ ಮಾಡಿ, "ಅಕ್ಕ, ಪುಟ ಏಳು ನಮಗೆ ಬರಲೇ ಇಲ್ಲ, ಮೊಸರಿಗೆ ಹೆಪ್ಪು ಹಾಕೋದು ಅದರಲ್ಲೇ ಇದೆಯಂತೆ" ಎಂದು ಗೋಳಾಡಿದರು. ಯುಗಾದಿಯ ಕೂಟದಲ್ಲಿ ಯಾರೋ ನನ್ನನ್ನು ವೇದಿಕೆಗೆ ಕರೆದು ಒಂದು ಹೂಗುಚ್ಛ ಕೊಟ್ಟರು. ನಾನು ಅದನ್ನು ಬಾಡಿ ಒಣಗುವ ತನಕ ಟೀವಿಯ ಮೇಲೆ ಇಟ್ಟುಕೊಂಡಿದ್ದೆ. ಬೀಗಿದೆ ಅನ್ನಿ. ಬೀಗುವುದಕ್ಕೆ ಬೇರೆ ಏನಿತ್ತು ನನ್ನ ಹತ್ತಿರ?

ಈಗ ಪುಟ ನಾಲ್ಕರ ವಿಷಯ.

ನಾನು ಬಂದ ಹೊಸತರಲ್ಲಿ ಒಂದು ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಊರಿಡೀ ನಡುಗುವ ಹಾಗೆ ಸೈರನ್ ಕೂಗಿತು. ಯುದ್ಧವೇ ಶುರುವಾಯಿತು ಎಂದುಕೊಂಡು ನಾನು ಪಾಸ್‌ಪೋರ್ಟು, ತಾಳಿ, ಅರ್ಧ ಚೀಲ ಅಕ್ಕಿ ಹಿಡಿದುಕೊಂಡು ಊಟದ ಮೇಜಿನ ಕೆಳಗೆ ಕೂತೆ. ಸಂಜೆ ಯಜಮಾನರು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ಸುಂಟರಗಾಳಿಯ ಸೈರನ್ನು, ತಿಂಗಳ ಮೊದಲ ಬುಧವಾರ ಸರಿಯಿದೆಯೇ ಎಂದು ಕೂಗಿಸಿ ನೋಡುತ್ತಾರೆ, ಅಷ್ಟೇ. ನನಗಾದ ಗಾಬರಿ ಇನ್ನೊಬ್ಬರಿಗೆ ಆಗದಿರಲಿ ಎಂದು ಪುಟ ನಾಲ್ಕರಲ್ಲಿ ಬರೆದೆ: 'ಸೈರನ್ ಕೂಗಿದರೆ ಹೆದರಬೇಡಿ. ಅದು ಟೆಸ್ಟ್. ನಿಮ್ಮ ಪಾಡಿಗೆ ನೀವು ಕೆಲಸ ಮಾಡಿಕೊಂಡಿರಿ.' ಅಷ್ಟೇ ಬರೆದೆ. ನಿಜವಾದದ್ದು ಕೂಗಿದರೆ ಏನು ಮಾಡಬೇಕು ಎಂದು ಬರೆಯಲಿಲ್ಲ, ಏಕೆಂದರೆ ಆಗ ನನಗೇ ಗೊತ್ತಿರಲಿಲ್ಲ.

ಆಮೇಲೆ ಗೊತ್ತಾಯಿತು. ನಾವು ಬಂದು ನಾಲ್ಕು ವರ್ಷವಾದ ಮೇಲೆ, ಒಂದು ಚಳಿಗಾಲದಲ್ಲಿ ಅಪಾರ್ಟ್‌ಮೆಂಟಿನ ಆಫೀಸಿನವರು ಬಾಗಿಲಿಗೆ ಒಂದು ಕರಪತ್ರ ಸಿಕ್ಕಿಸಿ ಹೋಗಿದ್ದರು. ಕಿಟಕಿಯಿಲ್ಲದ ಕೋಣೆಗೆ ಹೋಗಿ, ಬಚ್ಚಲ ಟಬ್ಬಿನಲ್ಲಿ ಮಲಗಿ, ಮೇಲೆ ಹಾಸಿಗೆ ಎಳೆದುಕೊಳ್ಳಿ, ಬಯಲಲ್ಲಿ ನಿಲ್ಲಬೇಡಿ, ದೊಡ್ಡ ಆಲಿಕಲ್ಲು ಬೀಳತೊಡಗಿದರೆ ಸುಂಟರಗಾಳಿ ಹತ್ತಿರದಲ್ಲೇ ಇರಬಹುದು ಎಂದೆಲ್ಲ ಇತ್ತು. ಓದಿದೆ. ಪುಟ ನಾಲ್ಕನ್ನು ತಿದ್ದಬೇಕು ಅನ್ನಿಸಿತು. ಆದರೆ ಆಗಲೇ ಎಷ್ಟು ಪ್ರತಿ ಎಲ್ಲೆಲ್ಲಿಗೆ ಹೋಗಿದ್ದವೋ! ತಿದ್ದಿದರೆ ತಪ್ಪು ಬರೆದಿದ್ದೆ ಎಂದು ಎಲ್ಲರ ಮುಂದೆ ಒಪ್ಪಿಕೊಂಡ ಹಾಗೆ. ಮಾಡಿದರಾಯಿತು ಎಂದು ಕರಪತ್ರವನ್ನು ಅಡಿಗೆಮನೆಯ ಡ್ರಾಯರಿನಲ್ಲಿ, ಟೀ ಸೋಸುವ ಬಟ್ಟೆಯ ಕೆಳಗೆ ಇಟ್ಟೆ.

ಮರು ಫೆಬ್ರವರಿಯಲ್ಲಿ ಸುರೇಖಾ ಬಂದಳು. ಗದಗಿನ ಕಡೆಯವಳು, ಮದುವೆಯಾಗಿ ಆರು ತಿಂಗಳು. ಗಂಡ ಮಲ್ಲಿಕಾರ್ಜುನನಿಗೆ ಹ್ಯೂಸ್ಟನ್ನಿನಲ್ಲಿ ಪ್ರಾಜೆಕ್ಟು. ಸೋಮವಾರ ಹೋದರೆ ಶುಕ್ರವಾರ ರಾತ್ರಿಯೇ ವಾಪಸು. ನಮ್ಮೆದುರಿನ ಕಟ್ಟಡದ ಮೂರನೇ ಮಹಡಿಯಲ್ಲಿ ಅವಳೊಬ್ಬಳೇ. ನಮ್ಮ ಎರಡು ಕಟ್ಟಡಗಳ ನಡುವೆ ಕಾರು ನಿಲ್ಲಿಸುವ ಜಾಗ, ಅದರ ಒಂದು ಮೂಲೆಯಲ್ಲಿ ಎಲ್ಲರೂ ಬಟ್ಟೆ ಒಗೆಯುವ ಯಂತ್ರಗಳ ಪುಟ್ಟ ಕೋಣೆ. ದಿನಾ ಮಧ್ಯಾಹ್ನ ಅವಳು ನಮ್ಮ ಮನೆಗೆ ಬರುತ್ತಿದ್ದಳು. ಇಲ್ಲೇ ಹುಟ್ಟಿದ ನನ್ನ ಮೂರು ವರ್ಷದ ಮಗ ಅಭಿಗೆ ಶೇಂಗಾ ಉಂಡೆ ತಿನ್ನಿಸಿ, ಕಥೆ ಹೇಳುತ್ತಿದ್ದಳು. ಅವನು ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ. ಇಬ್ಬರಿಗೂ ಏನೂ ಅಡ್ಡಿಯಾಗುತ್ತಿರಲಿಲ್ಲ.

ನನ್ನ ಹನ್ನೊಂದು ಪುಟವನ್ನು ಅಷ್ಟು ಶ್ರದ್ಧೆಯಿಂದ ಓದಿದವರು ಇನ್ನೊಬ್ಬರಿಲ್ಲ. ಮೂಲೆಗೆ ದಾರ ಪೋಣಿಸಿ ಅಡಿಗೆಮನೆಯ ಗೂಟಕ್ಕೆ ಪಂಚಾಂಗದ ಹಾಗೆ ನೇತುಹಾಕಿದ್ದಳು. ಅಂಗಡಿಗೆ ಹೋಗುವಾಗ ಪುಟ ಐದನ್ನು ಬಿಚ್ಚಿ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. "ಅಕ್ಕಾರ, ನೀವ್ ಬರದಂಗ ಮಾಡಿದ್ನಿ ನೋಡ್ರಿ, ಮೊಸರು ಕಲ್ಲ ಆದಂಗ ಆಗೇತಿ" ಎಂದು ಬಟ್ಟಲು ತಲೆಕೆಳಗು ಮಾಡಿ ತೋರಿಸಿದ್ದಳು. ಅವಳು ಅಕ್ಕಾರ ಎಂದಾಗಲೆಲ್ಲ ನನಗೆ ಒಂದು ಅಂಗುಲ ಎತ್ತರ ಆದ ಹಾಗೆ ಅನ್ನಿಸುತ್ತಿತ್ತು.

ಮಾರ್ಚಿನಲ್ಲಿ ಒಂದು ದಿನ ಕಡಲೆಕಾಯಿ ಸುಲಿಯುತ್ತ ಕೇಳಿದಳು.

"ಅಕ್ಕಾರ, ಒಂದ್ ಮಾತ್ ಕೇಳ್ಲೇನ್ರಿ? ನಾಕನೇ ಪುಟದಾಗ ಸೈರನ್ನು ಟೆಸ್ಟ್ ಅಂತ ಬರದೀರಿ. ಖರೇನ ಬಂದಾಗ ಏನ್ ಮಾಡ್ಬೇಕ್ರಿ?"

ನಾನು ಕೂತ ಜಾಗದಿಂದ ಡ್ರಾಯರು ಮೂರು ಹೆಜ್ಜೆ. ಎದ್ದು, ತೆಗೆದು, ಕರಪತ್ರವನ್ನು ಅವಳ ಕೈಗೆ ಇಟ್ಟಿದ್ದರೆ ಮುಗಿಯುತ್ತಿತ್ತು. ಈಗ ಇದನ್ನು ಬರೆಯಬೇಕಾಗಿಯೂ ಇರಲಿಲ್ಲ.

"ಅಯ್ಯೋ, ನಾನು ಬಂದಾಗಿಂದ ಒಂದು ಸಲಾನೂ ನಿಜವಾದದ್ದು ಬಂದಿಲ್ಲ ಕಣೆ. ಸುಮ್ಮನೆ ತಲೆ ಕೆಡಿಸ್ಕೋಬೇಡ," ಎಂದೆ.

"ಹೌದೇನ್ರಿ? ಹಂಗಾರ ಆತು ಬಿಡ್ರಿ," ಎಂದು ಅವಳು ಮತ್ತೆ ಕಡಲೆಕಾಯಿಗೆ ಕೈ ಹಾಕಿದಳು.

ಏಪ್ರಿಲಿನ ಒಂದು ಮಂಗಳವಾರ. ಬೆಳಗಿನಿಂದ ಒಂದು ಎಲೆ ಅಲ್ಲಾಡದ ಸೆಕೆ. ನಾಲ್ಕೂವರೆಯ ಹೊತ್ತಿಗೆ ಆಕಾಶದ ಬಣ್ಣ ಬದಲಾಯಿತು. ಮೋಡ ಕಪ್ಪಾಗುವುದನ್ನು ನೀವು ನೋಡಿರುತ್ತೀರಿ. ಅದು ಕಪ್ಪಲ್ಲ, ಹಸಿರು. ತಾಮ್ರದ ಪಾತ್ರೆ ಬಹಳ ದಿನ ತೊಳೆಯದೆ ಬಿಟ್ಟರೆ ಹಿಡಿಯುತ್ತದಲ್ಲ, ಆ ಹಸಿರು. ಟೀವಿಯಲ್ಲಿ ಕಾರ್ಯಕ್ರಮ ನಿಲ್ಲಿಸಿ ಹವಾಮಾನದವನು ಬಂದ. ಕೋಟು ಬಿಚ್ಚಿ, ತೋಳು ಮಡಿಸಿದ್ದ. ನಕ್ಷೆಯಲ್ಲಿ ನಮ್ಮ ಕೆರೆಯ ಪಕ್ಕದಲ್ಲೇ ಕೆಂಪು. ಅವನು ನಮ್ಮ ರಸ್ತೆಯ ಹೆಸರು ಹೇಳಿದ. ಸಾವಿರ ರಸ್ತೆ ಇರುವ ಊರಿನಲ್ಲಿ ಟೀವಿಯವನ ಬಾಯಲ್ಲಿ ನಮ್ಮ ರಸ್ತೆಯ ಹೆಸರು ಕೇಳಿದಾಗ ಎದೆ ಧಸಕ್ಕೆಂದಿತು. ಅದೇ ಹೊತ್ತಿಗೆ ಸೈರನ್ ಶುರುವಾಯಿತು. ಬುಧವಾರವಲ್ಲ, ಮಧ್ಯಾಹ್ನವಲ್ಲ.

ಮೊದಲು ಮಾಡಿದ್ದು ಸುರೇಖಾಗೆ ಫೋನು. ಅದನ್ನು ಮಾಡಿದೆ ಎಂದು ಹೇಳಿಕೊಳ್ಳುವುದರಲ್ಲಿ ನನಗೆ ಇವತ್ತಿಗೂ ಒಂದು ಸಮಾಧಾನವಿದೆ, ಅದಕ್ಕೇ ಮೊದಲು ಹೇಳಿದೆ. ಎಂಟು ಸಲ ರಿಂಗ್ ಆಯಿತು. ಎತ್ತಲಿಲ್ಲ. ಸ್ನಾನಕ್ಕೆ ಹೋಗಿರಬೇಕು, ಹಾಗಾದರೆ ಬಚ್ಚಲಲ್ಲೇ ಇದ್ದಾಳೆ, ಒಳ್ಳೆಯದೇ ಆಯಿತು ಎಂದುಕೊಂಡೆ. ಅಭಿಯನ್ನು ಸೊಂಟಕ್ಕೆ ಏರಿಸಿಕೊಂಡು, ಅವನ ಮಂಚದ ಹಾಸಿಗೆಯನ್ನು ಬಚ್ಚಲಿಗೆ ಎಳೆದು ಹಾಕಿದೆ. ಅಷ್ಟರಲ್ಲಿ ಹೊರಗೆ ಟಪಟಪ ಸದ್ದು. ಕಾರುಗಳ ಮೇಲೆ ಯಾರೋ ಬಟಾಣಿ ಎಸೆಯುತ್ತಿದ್ದ ಹಾಗೆ. ಹಾಲಿಗೆ ಬಂದು ಕಿಟಕಿಯ ಬ್ಲೈಂಡ್ಸ್ ಎತ್ತಿ ನೋಡಿದೆ.

ಸುರೇಖಾ ಕಾರುಗಳ ನಡುವಿನ ಬಯಲಲ್ಲಿ ನಿಂತಿದ್ದಳು. ಹೂವಿನ ನೈಟಿ, ಕೈಯಲ್ಲಿ ಸ್ಟೀಲಿನ ಬೋಗುಣಿ. ಬಗ್ಗಿ ಬಗ್ಗಿ ಆಲಿಕಲ್ಲು ಆಯುತ್ತಿದ್ದಳು. ನಮ್ಮಲ್ಲಿ ಯಾವ ಮಗು ತಾನೇ ಆಯ್ದಿಲ್ಲ ಹೇಳಿ? ಆಲಿಕಲ್ಲು ಬಿತ್ತೆಂದರೆ ಪಾತ್ರೆ ಹಿಡಿದು ಅಂಗಳಕ್ಕೆ ಓಡುವುದು, ಬಾಯಿಗೆ ಹಾಕಿಕೊಂಡು ಹಲ್ಲು ಜುಮ್ಮೆನ್ನಿಸಿಕೊಳ್ಳುವುದು, ದೊಡ್ಡವರು ಬೈಯುವ ಹಾಗೆ ಮಾಡಿ ತಾವೂ ಒಂದು ಆಯ್ದುಕೊಳ್ಳುವುದು. ಆಲಿಕಲ್ಲು ಬಿದ್ದರೆ ಒಳಗೆ ಓಡಬೇಕು ಎಂದು ನಮಗೆ ಯಾರೂ ಕಲಿಸಿಲ್ಲ. ತಲೆಯ ಮೇಲೆ ಸೈರನ್ ಅರಚುತ್ತಿತ್ತು, ಅವಳು ಆಯುತ್ತಿದ್ದಳು. ಸೈರನ್ನಿಗೆ ಅವಳು ಯಾಕೆ ಹೆದರುತ್ತಿಲ್ಲ ಎಂದು ಈ ಭೂಮಿಯ ಮೇಲೆ ಗೊತ್ತಿದ್ದವಳು ನಾನೊಬ್ಬಳೇ.

ನಮ್ಮ ಬಾಗಿಲಿನಿಂದ ಅವಳಿದ್ದಲ್ಲಿಗೆ ನಲವತ್ತು ಹೆಜ್ಜೆ. ಆಮೇಲೆ ನಡೆದು ನೋಡಿದ್ದೇನೆ. ಬಾಗಿಲು ತೆರೆದು ಒಂದು ಕೂಗು ಹಾಕಬಹುದಿತ್ತು. ಗಾಜನ್ನಾದರೂ ಬಡಿಯಬಹುದಿತ್ತು. ಅಷ್ಟರಲ್ಲಿ ಬಟಾಣಿ ಹೋಗಿ ನಿಂಬೆಹಣ್ಣಿನ ಗಾತ್ರದ್ದು ಬೀಳತೊಡಗಿತು. ಎದುರಿಗಿದ್ದ ಕಾರಿನ ಗಾಜು ಪಟೀರೆಂದು ಒಡೆಯಿತು. ಅಭಿ ನನ್ನ ಕತ್ತನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡ. ಭಯವಾಯಿತು. ಅದಕ್ಕೆ ಬಣ್ಣ ಬಳಿದು ಹೇಳುವುದರಲ್ಲಿ ಅರ್ಥವಿಲ್ಲ. ಬಾಗಿಲು ತೆರೆದರೆ ಗಾಳಿ ಒಳಗೆ ನುಗ್ಗಿ ನನ್ನ ಮಗುವನ್ನು ಎಳೆದುಕೊಂಡು ಹೋಗುತ್ತದೆ ಎಂದೇ ಅನ್ನಿಸಿತು. ಅವಳೇ ಒಳಗೆ ಹೋಗುತ್ತಾಳೆ, ದಡ್ಡಿಯೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಆಮೇಲೆ ಬ್ಲೈಂಡ್ಸ್ ಇಳಿಸಿಬಿಟ್ಟೆ.

"ಅಮ್ಮಾ, ಆಂಟಿ ಈಸ್ ಔಟ್‌ಸೈಡ್," ಎಂದ ಅಭಿ.

"ಇಲ್ಲ ಕಂದ, ಯಾರೂ ಇಲ್ಲ," ಎಂದೆ.

ಟಬ್ಬಿನೊಳಗೆ ಮಗುವನ್ನು ಕೆಳಗೆ ಹಾಕಿಕೊಂಡು, ಮೇಲೆ ಹಾಸಿಗೆ ಎಳೆದುಕೊಂಡು ಮಲಗಿದೆ. ಕರೆಂಟು ಹೋಯಿತು. ಗೂಡ್ಸ್ ರೈಲು ಮನೆಯ ಮೇಲೆಯೇ ಹಾದುಹೋಗುತ್ತಿರುವ ಹಾಗೆ ಸದ್ದು. ನಾನು ಯಾವ ದೇವರನ್ನೂ ನೆನೆಯಲಿಲ್ಲ, ನೆನೆಯಲು ಮುಖವಿರಲಿಲ್ಲ. ಕಣ್ಣು ಮುಚ್ಚಿದರೆ ಆ ಹೂವಿನ ನೈಟಿ. ಈಗ ಒಳಗೆ ಹೋಗಿರುತ್ತಾಳೆ, ಈಗ ಮೆಟ್ಟಿಲು ಹತ್ತುತ್ತಿರುತ್ತಾಳೆ, ಈಗ ಬಾಗಿಲು ಹಾಕಿಕೊಂಡಿರುತ್ತಾಳೆ ಎಂದು ಅವಳನ್ನು ಮನಸ್ಸಿನಲ್ಲೇ ಒಂದೊಂದು ಮೆಟ್ಟಿಲು ಹತ್ತಿಸುತ್ತಿದ್ದೆ. ಮೂರನೇ ಮಹಡಿಗೆ ಬಂದ ಮೇಲೆ, ಅಲ್ಲಿ ಇನ್ನೂ ಅಪಾಯ ಎಂದು ನೆನಪಾಗಿ, ಮತ್ತೆ ಕೆಳಗಿನಿಂದ ಹತ್ತಿಸುತ್ತಿದ್ದೆ. ಅಭಿ ಅಳಲೂ ಇಲ್ಲ. ನನ್ನ ಎದೆಬಡಿತ ಅವನಿಗೆ ಕೇಳುತ್ತಿತ್ತೋ ಏನೋ, ಕಿವಿಯನ್ನು ಅಲ್ಲೇ ಒತ್ತಿಕೊಂಡು ಸುಮ್ಮನೆ ಮಲಗಿದ್ದ.

ಸದ್ದು ನಿಂತ ಮೇಲೂ ಸ್ವಲ್ಪ ಹೊತ್ತು ಏಳಲಿಲ್ಲ. ಎದ್ದರೆ ನೋಡಬೇಕಾಗುತ್ತದಲ್ಲ.

ಹೊರಗೆ ಬಂದಾಗ ನೆಲವೆಲ್ಲ ಬೆಳ್ಳಗೆ. ಒಂದು ಕಾರಿಗೂ ಗಾಜಿರಲಿಲ್ಲ. ನಮ್ಮ ಕಟ್ಟಡದ ಹೆಂಚು, ಯಾರದೋ ಪ್ಲಾಸ್ಟಿಕ್ ಕುರ್ಚಿ, ಮರದ ಕೊಂಬೆ ಎಲ್ಲ ಚೆಲ್ಲಾಪಿಲ್ಲಿ. ಬಯಲಿನ ನಡುವೆ ಬೋಗುಣಿ ಬಿದ್ದಿತ್ತು. ತಳ ನೆಗ್ಗಿ ಹೋಗಿತ್ತು. ಸುರೇಖಾ ಇರಲಿಲ್ಲ. "ಸುರೇಖಾ" ಎಂದು ಕೂಗಿದೆ. ಆಗ ಬಾರದ ಧ್ವನಿ ಈಗ ಎಷ್ಟು ಜೋರಾಗಿ ಬಂತು ಎಂದರೆ ಮೂರು ಮನೆಗಳಿಂದ ಜನ ಇಣುಕಿದರು. ಮಗುವನ್ನು ಎತ್ತಿಕೊಂಡೇ ಅವಳ ಮೂರನೇ ಮಹಡಿಗೆ ಓಡಿದೆ. ಬಾಗಿಲು ಹಾರು ಹೊಡೆದಿತ್ತು, ಗ್ಯಾಸ್ ಒಲೆಯ ಮೇಲೆ ಚಹಾ ಇಟ್ಟು ಹೋಗಿದ್ದಳು, ಪಾತ್ರೆ ಸೀದು ಕರಿಯಾಗಿತ್ತು. ಒಲೆ ಆರಿಸಿ ಕೆಳಗೆ ಇಳಿದೆ. ಮಲ್ಲಿಕಾರ್ಜುನನಿಗೆ ಏನು ಹೇಳಲಿ, ಗದಗಿನಲ್ಲಿರುವ ಅವಳ ಅವ್ವನಿಗೆ ಯಾರು ಫೋನ್ ಮಾಡುವುದು ಎಂದೆಲ್ಲ ಅಷ್ಟರೊಳಗೆ ಯೋಚನೆ ಬಂದುಹೋಯಿತು. ನನ್ನ ಪುಟ ನಾಲ್ಕು ಗೂಟದಲ್ಲಿ ನೇತಾಡುತ್ತಿರುವುದು ಯಾರ ಕಣ್ಣಿಗೂ ಬೀಳದಿದ್ದರೆ ಸಾಕು ಎಂಬ ಯೋಚನೆಯೂ ಬಂತು. ಅದನ್ನು ನೀವು ಕ್ಷಮಿಸಬೇಕಾಗಿಲ್ಲ.

ಬಟ್ಟೆ ಒಗೆಯುವ ಕೋಣೆಯ ಬಾಗಿಲು ತೆರೆಯಿತು. ಅಪಾರ್ಟ್‌ಮೆಂಟಿನಲ್ಲಿ ನಲ್ಲಿ, ದೀಪ ರಿಪೇರಿ ಮಾಡುತ್ತಿದ್ದ ಮೆಕ್ಸಿಕನ್ ಮುದುಕ ರಮೋನ್ ತಲೆ ಹೊರಗೆ ಹಾಕಿ ಕೈ ಬೀಸಿದ. ಒಳಗೆ ಎರಡು ಯಂತ್ರಗಳ ಸಂದಿಯಲ್ಲಿ ಸುರೇಖಾ ಕೂತಿದ್ದಳು. ಹಣೆಗೆ ರಮೋನನ ಟವೆಲು ಕಟ್ಟಿತ್ತು, ಅದು ಒದ್ದೆಯಾಗಿ ಕೆಂಪಾಗಿತ್ತು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಅವನು ತಾನು ಸಲಕರಣೆ ಹಾಕಿಕೊಂಡು ಓಡಾಡುವ ಪುಟ್ಟ ಗಾಲ್ಫ್ ಬಂಡಿಯಿಂದ ಇವಳನ್ನು ಕಂಡು, ಓಡಿಬಂದು, ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋಗಿದ್ದ. ಅವನಿಗೆ ಕನ್ನಡ ಬರದು, ಇವಳಿಗೆ ಸ್ಪ್ಯಾನಿಷ್ ಬರದು. ಅವನ ಕೈಯೂ ಆಲಿಕಲ್ಲು ಬಿದ್ದು ಊದಿತ್ತು. ಅವನು ಯಾವ ಪುಸ್ತಕವನ್ನೂ ಬರೆದವನಲ್ಲ.

ನಾನು ಅವಳನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತೆ.

"ಅಕ್ಕಾರ, ಟೆಸ್ಟ್ ಅಂತ ಇತ್ತಲ್ರಿ," ಎಂದಳು. ಆಕ್ಷೇಪಣೆಯ ಧ್ವನಿಯಲ್ಲ. ಲೆಕ್ಕ ತಾಳೆಯಾಗದ ಮಗು ಮೇಷ್ಟರನ್ನು ಕೇಳುವ ಧ್ವನಿ.

"ನಾನು ಒಳಗಿದ್ದೆ ಕಣೆ. ಬಚ್ಚಲಲ್ಲಿ. ನೀನು ಹೊರಗಿದ್ದೀಯ ಅಂತ ನನಗೆ ಗೊತ್ತೇ ಆಗ್ಲಿಲ್ಲ," ಎಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಹೌದೇನ್ರಿ?" ಎಂದಳು. ಅಷ್ಟೇ.

ಸುಂಟರಗಾಳಿ ನಮ್ಮಿಂದ ಎರಡು ಮೈಲಿ ಆಚೆ ಕೆರೆಯ ಮೇಲೆ ಹಾದುಹೋಯಿತಂತೆ. ಸುರೇಖಾಗೆ ಹಣೆಯಲ್ಲಿ ನಾಲ್ಕು ಹೊಲಿಗೆ, ಭುಜದ ಮುಂದಿನ ಎಲುಬಿನಲ್ಲಿ ಬಿರುಕು. ಆರು ವಾರ ನಾನೇ ಅವಳಿಗೆ ಅಡಿಗೆ ಮಾಡಿ ಹೊತ್ತೆ, ತಲೆ ಬಾಚಿ ಜಡೆ ಹಾಕಿದೆ, ಆಸ್ಪತ್ರೆಗೆ ಕರೆದುಕೊಂಡು ಹೋದೆ. ರೊಟ್ಟಿ ಬಡಿಯಲು ಬಾರದ ಮೈಸೂರಿನ ಕೈಯಲ್ಲಿ ಜೋಳದ ರೊಟ್ಟಿ ಬಡಿದೆ. ಅದು ಆಫ್ರಿಕಾದ ನಕ್ಷೆಯ ಹಾಗೆ ಬಂದರೂ ಅವಳು ತಿಂದಳು. ಮಲ್ಲಿಕಾರ್ಜುನ ನನ್ನ ಕಾಲಿಗೆ ಬೀಳಲು ಬಂದ. "ಸ್ವಂತ ಅಕ್ಕನೂ ಹೀಗೆ ಮಾಡಲ್ಲ" ಎಂದು ಕನ್ನಡದವರೆಲ್ಲ ಹೊಗಳಿದರು. ಆ ಹೊಗಳಿಕೆಯನ್ನು ಕೇಳುವಾಗ ಸುರೇಖಾ ತಲೆ ತಗ್ಗಿಸಿಕೊಂಡು ಇರುತ್ತಿದ್ದಳು. ನಾಚಿಕೆಯ ಹುಡುಗಿ ಎಂದುಕೊಂಡೆ.

ಕೈಪಿಡಿಯ ಕಥೆ ಅಲ್ಲಿಗೆ ಮುಗಿಯಿತು. ಮನೆಮನೆಗೆ ಹೋಗಿ ಪ್ರತಿಗಳನ್ನು ವಾಪಸು ಕೇಳಿದೆ. ಹ್ಯೂಸ್ಟನ್ನಿಗೆ, ಆಸ್ಟಿನ್ನಿಗೆ ಫೋನ್ ಮಾಡಿ ಪುಟ ನಾಲ್ಕನ್ನು ಹರಿದುಹಾಕಿ ಎಂದು ಬೇಡಿಕೊಂಡೆ. "ಅಯ್ಯೋ ಅಕ್ಕ, ಅದು ಯಾರ್ಯಾರ ಹತ್ರ ಇದೆಯೋ!" ಎಂದರು. ಎಷ್ಟೋ ವರ್ಷ, ಮೋಡ ಹಸಿರಾದಾಗಲೆಲ್ಲ, ಹೆಸರು ಗೊತ್ತಿಲ್ಲದ ಯಾವುದೋ ಮನೆಯಲ್ಲಿ ನನ್ನ ದುಂಡು ಅಕ್ಷರ ನೋಡಿಕೊಂಡು ಯಾರೋ ನಿಶ್ಚಿಂತೆಯಾಗಿ ಕೂತಿದ್ದಾರೆ ಎಂದೇ ಅನ್ನಿಸುತ್ತಿತ್ತು. ಸುರೇಖಾ, ಮಲ್ಲಿಕಾರ್ಜುನ ಮರುವರ್ಷ ಆಸ್ಟಿನ್ನಿಗೆ ಶಿಫ್ಟ್ ಆದರು. ಒಡನಾಟ ಬಿಡಲಿಲ್ಲ. ಹಬ್ಬಕ್ಕೆ ಫೋನು, ಅವಳ ಇಬ್ಬರು ಮಕ್ಕಳ ನಾಮಕರಣಕ್ಕೆ ನಾವು, ಅಭಿಯ ಪದವಿ ಸಮಾರಂಭಕ್ಕೆ ಅವರು. ಅಭಿಗೆ ಆ ದಿನದ ಏನೂ ನೆನಪಿಲ್ಲ. ಕೇಳಿ ನೋಡಿದ್ದೇನೆ.

ಮೊನ್ನೆ ಮೆಟ್ಟಿಲ ಮೇಲೆ ಕೂತವಳು ಎದ್ದದ್ದು ಫೋನ್ ಮಾಡುವುದಕ್ಕೆ. ಆ ಪಕ್ಕದ ಮನೆಯ ಹುಡುಗಿಗೆ ಒಂದು ಸಾಲು ಬರೆಯುವ ಮೊದಲು ಇದನ್ನು ಹೇಳಿ ಮುಗಿಸಬೇಕು ಅನ್ನಿಸಿತು. ಸುರೇಖಾ ಪಾತ್ರೆ ತೊಳೆಯುತ್ತಿದ್ದಳು, ನೀರಿನ ಸದ್ದು ಕೇಳುತ್ತಿತ್ತು. ಮಕ್ಕಳ ಸಮಾಚಾರ, ಮಂಡಿನೋವು ಎಲ್ಲ ಆಯಿತು. ಆಮೇಲೆ ಹೇಳಿಬಿಟ್ಟೆ.

"ಸುರೇಖಾ, ಅವತ್ತು ನಿನಗೆ ಸುಳ್ಳು ಹೇಳಿದ್ದೆ. ನಾನು ನಿನ್ನನ್ನ ನೋಡಿದ್ದೆ. ಕಿಟಕಿಯಿಂದ. ನೋಡಿಯೂ ಬ್ಲೈಂಡ್ಸ್ ಇಳಿಸಿದೆ."

ನೀರಿನ ಸದ್ದು ನಿಂತಿತು.

"ಗೊತ್ತೈತ್ರಿ ಅಕ್ಕಾರ."

"ಏನು ಗೊತ್ತು?"

"ನಾನೂ ನಿಮ್ಮನ್ನ ನೋಡಿದ್ನಲ್ರಿ. ಕೂಸಿನ್ನ ಎತ್ತಿಕೊಂಡು ಕಿಟಕ್ಯಾಗ ನಿಂತಿದ್ರಿ. ಕಲ್ಲು ದೊಡ್ಡೂ ಬೀಳಾಕತ್ತಿದ್ವು, ನಾ ಒಳಗ ಓಡಬೇಕಂತ ಹೊಂಟಿದ್ನಿ. ನಿಮ್ಮ ಮಾರಿ ಕಂಡ್ತು. ಅಕ್ಕಾರ ಸುಮ್ಮನ ನಿಂತು ನೋಡಾಕತ್ತಾರ, ಏನೂ ಅನವಲ್ರು, ಅಂದ್ರ ಹೆದರೂದು ಏನೂ ಇಲ್ಲ ಅಂತ ತಿಳಕೊಂಡು ಮತ್ತ ನಿಂತ್ನಿ."

ಇಷ್ಟು ವರ್ಷ ನಾನು ಅಂದುಕೊಂಡಿದ್ದು, ಅವಳನ್ನು ಬಯಲಲ್ಲಿ ನಿಲ್ಲಿಸಿದ್ದು ನನ್ನ ಬರಹ ಎಂದು.

"ಇಷ್ಟು ವರ್ಷ ಒಂದು ಮಾತೂ ಆಡಲಿಲ್ವಲ್ಲೇ," ಎಂದೆ.

"ನೀವ ಹೇಳ್ತೀರಿ ಅಂತ ಕಾಯ್ದ್ನಿ ನೋಡ್ರಿ," ಎಂದಳು. ಮತ್ತೆ, "ಅಳಬ್ಯಾಡ್ರಿ ಅಕ್ಕಾರ. ನಿಮ್ಮ ಕೈಯಾಗ ಕೂಸಿತ್ತು. ನನಗೂ ಎರಡು ಹುಟ್ಟಿದ ಮ್ಯಾಲೆ ತಿಳೀತು. ಆದ್ರ ಹೇಳಿದ್ದು ಚಲೋ ಆತ್ರಿ," ಎಂದಳು. ನಲ್ಲಿ ಮತ್ತೆ ಬಿಟ್ಟ ಸದ್ದು ಕೇಳಿಸಿತು.

ಸಂಜೆ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಕೈಯಲ್ಲಿ ಬರೆದದ್ದು ಏನೂ ಇರಲಿಲ್ಲ. ಹುಡುಗಿ ಕೂದಲು ಗಂಟು ಹಾಕಿಕೊಳ್ಳುತ್ತ ಬಂದು, "ಬನ್ನಿ ಆಂಟಿ, ಲಿಸ್ಟ್ ಆಯ್ತಾ?" ಎಂದಳು. ಅವಳ ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ ಯಾವುದು ಎಂದು ಕೇಳಿ, ಒಳಗೆ ಹೋಗಿ, ಇಬ್ಬರೂ ಸೇರಿ ನೋಡಿ ಬಂದೆವು. ಮೆಟ್ಟಿಲ ಕೆಳಗಿನ ಸಾಮಾನಿನ ಗೂಡು. ಅಲ್ಲಿದ್ದ ಪೆಟ್ಟಿಗೆಗಳನ್ನು ಹೊರಗೆ ತೆಗೆಸಿದೆ.

"ಸೈರನ್ ಕೂಗಿದ್ರೆ ಇಲ್ಲಿಗೆ ಬಂದು ಕೂತ್ಕೋ. ಯಾವ ವಾರ, ಎಷ್ಟು ಗಂಟೆ ಅಂತ ನೋಡ್ಬೇಡ," ಎಂದೆ. "ಮತ್ತೆ ಇನ್ನೊಂದು. ನಾನು ನಮ್ಮ ಕಿಟಕೀಲಿ ಸುಮ್ಮನೆ ನಿಂತಿದ್ರೂ, ನನ್ನ ಮುಖ ನೋಡ್ಕೊಂಡು ನಿಲ್ಬೇಡಮ್ಮ. ಓಡು."

ಅವಳಿಗೆ ಅರ್ಥವಾಗಲಿಲ್ಲ. "ಓಕೆ ಆಂಟಿ," ಎಂದು ನಕ್ಕಳು. ನಾನು ನಗಲಿಲ್ಲ. ಇನ್ನೊಂದು ಸಲ ಹೇಳಿದೆ.